ಈ ಹುಡುಗಿಯನ್ನು ನೋಡಿದ್ದೀರಾ?

"ಇಂಥ ಮುಖ ಒಂದ್ಸಲ ನೋಡಿದ್ರೆ ಮರೆಯೋಕ್ಕಾಗುತ್ತೇನಮ್ಮಾ? ಇಲ್ಲ, ನೋಡಿಲ್ಲ."

ಗುಮಾಸ್ತನಂತೆ ಕಾಣುತ್ತಿದ್ದ ಆ ಮನುಷ್ಯ ಫೋಟೋವನ್ನು ಇನ್ನೊಂದು ಗಳಿಗೆ ಕೈಯಲ್ಲೇ ಇಟ್ಟುಕೊಂಡ. ಆಮೇಲೆ ಒಲ್ಲದ ಮನಸ್ಸಿನಿಂದ ಮರಳಿಸಿ ಬಸ್ಸಿನ ಕಡೆ ಓಡಿದ. ಫೋಟೋ ತೋರಿಸುತ್ತಿದ್ದವಳು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಎಳೆದಳು. ನಲವತ್ತೊಂದು. ನಿಲ್ದಾಣದ ಕಂಬದ ಪಕ್ಕ ನಿಂತಿದ್ದ ಗೆಳತಿ ಅದನ್ನೂ ಕ್ಯಾಮೆರಾದಲ್ಲಿ ಹಿಡಿದಳು. ಒಬ್ಬೊಬ್ಬರ ಉತ್ತರಕ್ಕೂ ಸಾಕ್ಷಿ ಬೇಕಿತ್ತು. ಅಪ್ಪ ಬಾಯಿಮಾತು ನಂಬುವ ಆಸಾಮಿಯಲ್ಲ.

ಹುಡುಗಿ ಮನೆ ಬಿಟ್ಟು ಒಂಬತ್ತು ದಿನ. ಅಪ್ಪ ಹುಡುಕಲು ಹೊರಬಿದ್ದಿರಲಿಲ್ಲ. ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾನು ತೆಗೆದ ಫೋಟೋದಲ್ಲಿ ಏನೂ ಕೊರತೆ ಇಲ್ಲ. ಬೇಕಿದ್ರೆ ಜನಕ್ಕೆ ತೋರ್ಸು. ಯಾರು ಬೇಕಾದ್ರೂ ಗುರುತು ಹಿಡೀತಾರೆ." ಮಾತು ಅಲ್ಲೇ ಗಟ್ಟಿಯಾಗಿತ್ತು. ಇವತ್ತು ಸಂಜೆ ಆರರೊಳಗೆ ಯಾರಾದರೂ ಒಬ್ಬರು ಗುರುತು ಹಿಡಿದರೆ ಹುಡುಗಿ ಮನೆಗೆ ಬರುತ್ತಾಳೆ. ಇಲ್ಲವಾದರೆ ಆ ಮನೆಗೆ ಮಗಳಿಲ್ಲ.

ಹಣ್ಣಿನ ಗಾಡಿಯ ಹೆಂಗಸು ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡಳು. "ನಿಂಗೇನಾಗ್ಬೇಕಮ್ಮ ಇವ್ಳು?"

"ಒಂದೇ ಮನೆ."

"ತಂಗಿ ಇರ್ಬೇಕು. ನಿನ್ನ ಬಣ್ಣ ಅವಳಿಗೆ ಅಂಟಿಲ್ಲ ನೋಡು, ಅದೃಷ್ಟವಂತೆ." ಹೇಳಿದವಳು ತಾನೇ ನಕ್ಕಳು. ಅವಳು ನಗಲಿಲ್ಲ. ಗೀಟು ಎಳೆಯುವಾಗ ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು.

ಕಾಲೇಜಿನ ಮೂವರು ಹುಡುಗಿಯರು ತಲೆಗೆ ತಲೆ ತಾಗಿಸಿ ನೋಡಿದರು. "ಅಕ್ಕಾ, ಇದು ಯಾವ ಸ್ಟುಡಿಯೋದ್ದು? ನಾವೂ ಹೀಗೇ ತೆಗೆಸ್ಕೋಬೇಕು." ಮನೆ ಬಿಟ್ಟವಳ ಬಗ್ಗೆ ಒಂದು ಮಾತು ಕೇಳಲಿಲ್ಲ.

ಸ್ಟುಡಿಯೋ ಅಪ್ಪನದೇ. ಟಚಪ್‌ನಲ್ಲಿ ಅವನದು ಎತ್ತಿದ ಕೈ. ಮೊಡವೆ ಅಳಿಸುತ್ತಾನೆ, ಮೂಗು ಸಣ್ಣ ಮಾಡುತ್ತಾನೆ, ತೋಳು ಕರಗಿಸುತ್ತಾನೆ. ಹುಡುಗಿಗೆ ಐದು ವರ್ಷವಾದಾಗಿನಿಂದ ಅವಳ ಒಂದು ಫೋಟೋವನ್ನೂ ಇದ್ದ ಹಾಗೆ ಬಿಟ್ಟವನಲ್ಲ. ಶಾಲೆಯ ಗುರುತಿನ ಚೀಟಿಗೆ ಕೊಟ್ಟದ್ದನ್ನು ಟೀಚರ್ ವಾಪಸ್ ಕಳಿಸಿದ್ದರು, ನಿಮ್ಮ ಮಗುವಿನದ್ದೇ ಕೊಡಿ ಎಂದು. ಅಪ್ಪ ಅದನ್ನು ಹೊಗಳಿಕೆ ಎಂದುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದ.

ಹುಡುಗಿ ಬೆಳೆದು ಕಲಾಶಾಲೆ ಸೇರಿದಳು. ಬಣ್ಣ, ಮಣ್ಣು ಎರಡೂ ಬಿಟ್ಟು ತನ್ನ ಮೈಯನ್ನೇ ಕಲೆಯಾಗಿ ಜನರ ಮುಂದಿಟ್ಟಳು. ಒಂಬತ್ತು ದಿನದ ಹಿಂದೆ ಕಲಾಭವನದಲ್ಲಿ ಉರಿಯುವ ಲೈಟಿನ ಕೆಳಗೆ, ಮುಖಕ್ಕೆ ಚಿಟಿಕೆ ಪೌಡರ್ ಇಲ್ಲದೆ, ತೋಳಿಲ್ಲದ ಬಟ್ಟೆಯಲ್ಲಿ ಆರು ಗಂಟೆ ಸುಮ್ಮನೆ ಕುಳಿತಳು. ಪಕ್ಕದಲ್ಲಿ ಒಂದು ಹಲಗೆ: ಹತ್ತಿರ ಬಂದು ನೋಡಿ. ನಾಲ್ಕು ಗಂಟೆ ಕಳೆದ ಮೇಲೆ ಅಪ್ಪ ಬಂದ. ಹತ್ತಿರ ಹೋಗಲಿಲ್ಲ. ಗೋಡೆಯ ಹತ್ತಿರ ಹೋಗಿ ಲೈಟ್ ಆರಿಸಿದ. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಉಳಿದ ಎರಡು ಗಂಟೆಯನ್ನು ಕತ್ತಲಲ್ಲೇ ಕುಳಿತು ಮುಗಿಸಿ, ಅಲ್ಲಿಂದ ಮನೆಗೆ ಹೋಗಲಿಲ್ಲ.

ಮಧ್ಯಾಹ್ನ ನಿಲ್ದಾಣದ ಪೊಲೀಸಿನವನು ತಾನಾಗಿಯೇ ಬಂದ. ಫೋಟೋ ನೋಡಿ ಜೇಬಿನಿಂದ ಡೈರಿ ತೆಗೆದ. "ಕೊನೇಲಿ ನೋಡಿದ್ದು ಯಾರು?"

"ಅಪ್ಪ. ಕಲಾಭವನದಲ್ಲಿ."

"ಎತ್ತರ?"

"ನನ್ನಷ್ಟೇ."

ಅವನು ಅವಳ ಚಪ್ಪಲಿಯಿಂದ ನೆತ್ತಿಯವರೆಗೆ ಕಣ್ಣಲ್ಲೇ ಅಳೆದು ಬರೆದುಕೊಂಡ. "ಗುರುತಿನ ಚಿಹ್ನೆ?"

"ಗಲ್ಲದ ಮೇಲೆ ಸುಟ್ಟ ಕಲೆ. ಮುಂದಿನ ಹಲ್ಲುಗಳ ನಡುವೆ ಸಂದು."

ಪೊಲೀಸಿನವನು ಫೋಟೋವನ್ನು ಬಿಸಿಲಿಗೆ ಹಿಡಿದು ಹುಡುಕಿದ. "ಇದ್ರಲ್ಲಿ ಇಲ್ವಲ್ಲ."

"ಅಪ್ಪ ತೆಗೆದ್ಬಿಟ್ರು."

"ಒಳ್ಳೇದೇ ಮಾಡಿದಾರೆ ಬಿಡಿ," ಎಂದು ಡೈರಿ ಮುಚ್ಚಿದ. ಅವಳು ಹಲ್ಲು ಕಚ್ಚಿಕೊಂಡು ಇನ್ನೊಂದು ಗೀಟು ಎಳೆದಳು.

ಆರಕ್ಕೆ ಹತ್ತು ನಿಮಿಷವಿರುವಾಗ ಅಪ್ಪ ಬಂದ. ಸ್ಟುಡಿಯೋಗೆ ಬೀಗ ಹಾಕಿ ನೇರ ಬಂದಿರಬೇಕು, ಕನ್ನಡಕ ಇನ್ನೂ ಹಣೆಯ ಮೇಲಿತ್ತು.

"ಎಷ್ಟು ಜನ ಆಯ್ತು?"

"ನೂರ ಎಪ್ಪತ್ತಮೂರು."

"ಒಬ್ರೂ ಹೇಳ್ಲಿಲ್ವಾ?"

"ಒಬ್ರೂ ಇಲ್ಲ."

"ಜನಕ್ಕೆ ಕಣ್ಣೆಲ್ಲಿದೆ. ಸರಿಯಾಗಿ ನೋಡಿರಲ್ಲ."

"ಸರಿಯಾಗೇ ನೋಡಿದ್ರು ಅಪ್ಪ. ಒಬ್ಬೊಬ್ರು ಎರಡೆರಡು ನಿಮಿಷ. ಫೋಟೋನ."

ಅಪ್ಪ ಫೋಟೋ ಇಸಿದುಕೊಂಡು ಅಂಗಿಯ ತುದಿಯಿಂದ ಧೂಳು ಒರೆಸಿದ. ಅವನ ಮುಖ ಮೆತ್ತಗಾಯಿತು. "ಇನ್ನೂ ಹತ್ತು ನಿಮಿಷ ಇದೆ. ನಾನು ಗುರುತು ಹಿಡಿದೆ ಅಂತ ಬರ್ಕೋ. ಇವಳು ನನ್ನ ಮಗಳು. ಮಾತು ಅಂದ್ರೆ ಮಾತು, ಮನೆಗೆ ಬರ್ಲಿ."

ಅವಳು ಕಾದಳು. ಅಪ್ಪ ಒಂದು ಸಲ ಕತ್ತೆತ್ತಿ ನೋಡಿದರೆ ಸಾಕಿತ್ತು. ಕೊನೆಯ ಗೀಟನ್ನು ಅವನ ಹೆಸರಿನಲ್ಲಿ ಎಳೆಯಲು ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದಳು. ಅಪ್ಪ ಫೋಟೋದಿಂದ ಕಣ್ಣು ತೆಗೆಯಲಿಲ್ಲ. "ಹುಬ್ಬಿನ ಹತ್ರ ಇನ್ನೂ ಸ್ವಲ್ಪ ನೆರಳು ಉಳಿದಿದೆ," ಎಂದು ತನ್ನಷ್ಟಕ್ಕೆ ಗೊಣಗಿಕೊಂಡ.

"ನಿಮ್ಮ ಮಗಳು ನಿಮ್ಮ ಕೈಯಲ್ಲೇ ಇದಾಳೆ," ಎಂದಳು ಅವಳು. ಸ್ವರ ಏರಲಿಲ್ಲ. "ಕರ್ಕೊಂಡು ಹೋಗಿ."

ಗಡಿಯಾರ ಆರು ತೋರಿಸಿತು. ಗೆಳತಿ ಕ್ಯಾಮೆರಾ ಇಳಿಸಿ, "ಎಲ್ಲ ಬಂದಿದೆ ಕಣೆ. ಕಲಾಭವನದ ಗೋಡೆ ಮೇಲೆ ತೋರ್ಸೋಕೆ ಇಷ್ಟೇ ಸಾಕು," ಎಂದಳು.

ಅಪ್ಪ ಫೋಟೋವನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು ಮನೆಯ ಕಡೆ ನಡೆದ. ಬೆಳಗಿನಿಂದ ನೂರ ಎಪ್ಪತ್ತಮೂರು ಜನರಿಗೆ ತನ್ನದೇ ಫೋಟೋ ತೋರಿಸಿ ದಣಿದಿದ್ದ ಮಗಳು ಬೇರೆ ಊರಿನ ಬಸ್ಸು ಹತ್ತಿದಳು.