ಎರಡು ಸೀಟಿನ ಕೆಂಪು ಕಾರು

ಒಂಬತ್ತು ಕಿಲೋಮೀಟರು.

ಸೆಬುನ್ಯಾ ಕಾರಿನ ಮೀಟರಿನ ಅಂಕಿಗಳನ್ನು ಮತ್ತೊಮ್ಮೆ ಓದಿ, ನಿನ್ನೆಯದನ್ನು ಕಳೆದು ನೋಡಿದ. ಹೆಂಡತಿ ನಲ್ವೋಗ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳ ಕೈಚೀಲದಿಂದ ಕೀಲಿ ತೆಗೆದುಕೊಂಡು ಬಂದಿದ್ದ. ಮನೆಯಿಂದ ಆಸ್ಪತ್ರೆಗೆ ಹೋಗಿ ಬರಲು ಎಂಟು ಕಿಲೋಮೀಟರು. ಹೆಚ್ಚಿಗೆ ಓಡಿದ್ದು ಒಂದೇ ಒಂದು. ರಾತ್ರಿ ಪಾಳಿ ಮುಗಿಯುವುದು ಬೆಳಗ್ಗೆ ಏಳಕ್ಕೆ, ಅವಳು ಮನೆ ಮುಟ್ಟಿದ್ದು ಹತ್ತೂವರೆಗೆ. ಆ ಒಂದು ಕಿಲೋಮೀಟರಿಗೆ ಮೂರು ಗಂಟೆ!

ಕಾರು ಬಂದು ಐದು ವಾರವಾಗಿತ್ತು. ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಜಪಾನಿನಲ್ಲಿ ಹದಿನಾರು ವರ್ಷ ಓಡಿ, ಹಡಗು ಹತ್ತಿ, ಕಂಪಾಲಾ ನಗರದ ಹಳೆ ಕಾರುಗಳ ಅಂಗಳದಲ್ಲಿ ಬಂದು ನಿಂತಿತ್ತು. ಹೆಂಡತಿಗೆ ಐವತ್ತೆರಡು ವರ್ಷ. ಹೆರಿಗೆ ವಾರ್ಡಿನ ಹಿರಿಯ ನರ್ಸು. ಮನೆಯವರನ್ನೆಲ್ಲ ಹೊತ್ತು ತಿರುಗುತ್ತಿದ್ದ ಎಂಟು ಸೀಟಿನ ವ್ಯಾನನ್ನು ಯಾರಿಗೂ ಹೇಳದೆ ಮಾರಿ, ಅದರ ಬದಲು ಇದನ್ನು ಆರಿಸಿದ್ದಳು.

ಕೊಳ್ಳುವ ದಿನ ಸೆಬುನ್ಯಾನೂ ಜೊತೆಗಿದ್ದ. ಮಾರುವವನು ಬಾನೆಟ್ ಎತ್ತಿ ಎಂಜಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಒಳಗೆ ಕೂತಳು, ಬಾಗಿಲು ಎಳೆದುಕೊಂಡಳು, ಕಪ್ಪು ಗಾಜು ಏರಿಸಿದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ ಅಮ್ಮಾ," ಅಂದ ಮಾರುವವನು, ಅವಳು ಇಳಿದ ಮೇಲೆ. "ಇದರಲ್ಲಿ ಇಬ್ಬರಿಗೇ ಜಾಗ. ಹಿಂದುಗಡೆ ಒಂದು ಕೋಳಿ ಕೂರಿಸೋಕೂ ಆಗಲ್ಲ."

"ನನಗೆ ಅದೇ ಬೇಕಾಗಿರೋದು," ಅಂದಳು.

ಇಬ್ಬರಿಗೆ. ಆ ಇಬ್ಬರು ಯಾರು ಎಂದು ಆಗ ಸೆಬುನ್ಯಾನಿಗೆ ಕೇಳಬೇಕೆನಿಸಲಿಲ್ಲ.

ಮನೆಯಲ್ಲಿ ಮಾತ್ರ ದೊಡ್ಡ ರಾದ್ಧಾಂತವಾಯಿತು. ಹನ್ನೊಂದು ಜನರ ಮನೆ ಅದು. ಮಂಡಿ ನೋವಿನ ಸೆಬುನ್ಯಾನ ತಾಯಿಯನ್ನು ವೈದ್ಯರ ಹತ್ತಿರ ಕರೆದೊಯ್ಯುವವರು ಯಾರು? ಅವನ ತಂಗಿಯ ಮಕ್ಕಳನ್ನು ಶಾಲೆಗೆ ಬಿಡುವವರು ಯಾರು? ಹಳ್ಳಿಯಿಂದ ಬಾಳೆಗೊನೆ ತರುವುದು, ಸಾವಿನ ಮನೆಗಳಿಗೆ ನೆಂಟರನ್ನು ತುಂಬಿಕೊಂಡು ಹೋಗುವುದು ಯಾವುದರಲ್ಲಿ? ನಲ್ವೋಗ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಸೀಟಿಲ್ಲ."

"ನಿನ್ನ ಹೆಂಡತಿ ಈ ವಯಸ್ಸಲ್ಲಿ ಕೆಂಪು ಕಾರು ತಗೊಂಡಿದ್ದು ನಿನಗೋಸ್ಕರ ಅಂದ್ಕೊಂಡಿದ್ದೀಯೇನೋ?" ಎಂದಳು ತಾಯಿ, ಮಟೋಕೆ ಬೇಯಿಸಲು ಬಾಳೆಕಾಯಿ ಸುಲಿಯುತ್ತ. "ಒಂದು ದಿನ ಅವಳ ಹಿಂದೆ ಹೋಗಿ ನೋಡು. ಮೇಷ್ಟ್ರಾಗಿ ಇಷ್ಟೂ ತಿಳಿಯಲ್ವಾ ನಿನಗೆ?"

ತಿಳಿಯದೆ ಏನು? ಅವನಿಗೂ ಕಣ್ಣಿತ್ತು. ಹಿಂದೆಲ್ಲ ಅವಳು ಪಾಳಿ ಮುಗಿಸಿ ಮುಖ ಬಾಡಿಸಿಕೊಂಡು ಬರುತ್ತಿದ್ದಳು, ಮಾತಾಡಿಸಿದರೆ ಸಿಡುಕುತ್ತಿದ್ದಳು. ಈಗ ಮುಖದಲ್ಲಿ ಕಳೆ. ಒಮ್ಮೊಮ್ಮೆ ಅಡುಗೆ ಮಾಡುತ್ತ ಹಾಡು ಗುನುಗುತ್ತಿದ್ದಳು. ಆದರೆ ಕೂದಲು ಕೆದರಿರುತ್ತಿತ್ತು, ಬಟ್ಟೆ ಮುದುಡಿರುತ್ತಿತ್ತು. ಆ ಮೂರು ಗಂಟೆ ಫೋನು ಬಂದ್.

"ಎಲ್ಲಿಗೆ ಹೋಗಿದ್ದೆ?" ಎಂದು ಕೊನೆಗೂ ಕೇಳಿದ.

"ಎಲ್ಲಿಗೂ ಇಲ್ಲ ರೀ," ಎಂದಳು ಅವಳು. ಅವನ ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ಅಳುಕದೆ.

ಮರುದಿನ ಶಾಲೆಗೆ ರಜೆ. ಏಳಕ್ಕೆ ಮುಂಚೆಯೇ ಸೆಬುನ್ಯಾ ಆಸ್ಪತ್ರೆಯ ಎದುರು ಬಾಡಿಗೆ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಕಾಯುತ್ತಿದ್ದ. ಬೆನ್ನು ನೋಯುತ್ತಿತ್ತು. ಇಪ್ಪತ್ತೇಳು ವರ್ಷ ಸಂಸಾರ ಮಾಡಿ, ಮೂರು ಮಕ್ಕಳನ್ನು ಬೆಳೆಸಿ, ಕೊನೆಗೆ ಹೀಗೆ ಕಳ್ಳನ ಹಾಗೆ ಮರೆಯಲ್ಲಿ ಕೂರಬೇಕಾಯಿತಲ್ಲ ಎಂದು ಸುಸ್ತೆನಿಸಿತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಚೈತನ್ಯವಿರಲಿಲ್ಲ.

ಕೆಂಪು ಕಾರು ಹೊರಬಂತು. ಎಂಜಿನ್ನು ಗುಡುಗಿದರೂ ಅವಳು ಎತ್ತಿನ ಗಾಡಿಯಂತೆ ನಿಧಾನವಾಗಿ ಓಡಿಸಿದಳು. ಮನೆಯ ಕಡೆಗೆ ಹೋಗದೆ ಗುಡ್ಡದ ದಾರಿ ಹಿಡಿದಳು.

"ಇಷ್ಟು ಜೋರಿನ ಕಾರಿಗೆ ಎಂಥಾ ಅವಮಾನ ಮೇಷ್ಟ್ರೇ," ಎಂದು ಬೈಕಿನವನು ನಕ್ಕ. "ನನ್ನ ಬೈಕೇ ಮುಂದೆ ಹೋಗ್ತಿದೆ!"

ಹಳೆಯ ಚರ್ಚೊಂದರ ಹಿತ್ತಿಲನ್ನು ಕಾರು ಹೊಕ್ಕಿತು. ಹಲಸಿನ ಮರದ ಕೆಳಗೆ ನಿಂತಿತು. ಯಾರೂ ಇಳಿಯಲಿಲ್ಲ. ಸೆಬುನ್ಯಾ ಬೈಕನ್ನು ರಸ್ತೆಯಲ್ಲೇ ಬಿಟ್ಟು, ಅರ್ಧ ಗಂಟೆ ತಡೆದು ಗೇಟಿನ ಹತ್ತಿರ ಹೋದ. ಮುದಿ ಕಾವಲುಗಾರ ಅಡ್ಡ ಬಂದ.

"ಆ ಕಾರಿನ ಹತ್ತಿರ ಯಾರನ್ನೂ ಬಿಡಲ್ಲ ಸ್ವಾಮಿ."

"ಯಾಕೆ?"

"ಅಮ್ಮಾವ್ರ ಅಪ್ಪಣೆ. ಗಂಡ ಬಂದ್ರೂ ಬಿಡಬೇಡ ಅಂದಿದ್ದಾರೆ."

ಸೆಬುನ್ಯಾ ಒಂದು ಹೆಜ್ಜೆ ಮುಂದಿಟ್ಟ. "ನಾನೇ ಆ ಗಂಡ."

ಕಾವಲುಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗೇಟಿನಿಂದ ಕೈ ತೆಗೆದ. "ಅಪ್ಪಣೆ ಮೀರ್ತಿದ್ದೀನಿ, ನೀವೇ ಒಂದ್ಸಲ ನೋಡ್ಕೊಂಡು ಹೋಗಿ. ಗಲಾಟೆ ಮಾತ್ರ ಬೇಡ. ಚರ್ಚು ಇದು."

ಅವನು ಮರದ ನೆರಳಿಗೆ ನಡೆದ. ಬಾಗಿಲು ಬಡಿಯಲು ಮುಷ್ಟಿ ಎತ್ತಿ, ಮೊದಲು ಕಪ್ಪು ಗಾಜಿಗೆ ಮುಖ ಒತ್ತಿದ.

ಪಕ್ಕದ ಸೀಟು ಖಾಲಿಯಿತ್ತು. ಇನ್ನೊಂದನ್ನು ಪೂರ್ತಿ ಹಿಂದಕ್ಕೆ ಚಾಚಿ, ಚಪ್ಪಲಿ ಕಳಚಿಟ್ಟು, ಬಾಯಿ ಅರ್ಧ ತೆರೆದು ನಲ್ವೋಗ ನಿದ್ದೆ ಹೋಗಿದ್ದಳು. ಕರೆಯುವವರಿಲ್ಲದ, ಕೇಳುವವರಿಲ್ಲದ ಸತ್ತಂಥ ನಿದ್ದೆ.

ಸೆಬುನ್ಯಾ ಮುಷ್ಟಿ ಇಳಿಸಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ತುದಿಗಾಲಲ್ಲಿ ಗೇಟು ದಾಟಿದ.

"ಏನಾಯ್ತೋ?" ತಾಯಿಯ ಧ್ವನಿ. "ಸಿಕ್ಕಿದ್ಲಾ?"

"ಇಲ್ಲಮ್ಮ," ಎಂದ ಸೆಬುನ್ಯಾ, ಪಿಸುದನಿಯಲ್ಲಿ. "ಎಲ್ಲೂ ಸಿಗಲಿಲ್ಲ."