ಅನಲೈಜರ್ ಹೂಂ ಅಂದ ಕೋಡು

"ನಾನು ಸಹಿ ಹಾಕಲ್ಲ ಸರ್," ಎಂದು ಅವಳು ಕಾಗದವನ್ನು ಮ್ಯಾನೇಜರ್ ಕಡೆಗೇ ತಳ್ಳಿದಳು. ಐದು ಗಂಟೆಗೆ ಆಸ್ಪತ್ರೆಗಳಿಗೆ ಹೋಗಬೇಕಿದ್ದ ಸಾಫ್ಟ್‌ವೇರ್ ಅದು. ರೋಗಿಗಳ ನಾಡಿಬಡಿತವನ್ನು ದಾದಿಯರ ಪರದೆಯ ಮೇಲೆ ತೋರಿಸುವಂಥದ್ದು. ಕೋಡನ್ನು ಕೊನೆಗೆ ತಿದ್ದಿದವರ ಸಹಿ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ತಿದ್ದಿದವಳು ಅವಳೇ. ಆಗಲೇ ನಾಲ್ಕು ದಾಟಿತ್ತು.

"ಏನಮ್ಮಾ ಇದು, ಕೊನೇ ಗಳಿಗೇಲಿ ಕ್ಯಾತೆ? ಹೋದ ತಿಂಗಳು ಅನಲೈಜರ್ ಇನ್ನೂರ ಹನ್ನೆರಡು ತಪ್ಪು ತೋರಿಸ್ತಿತ್ತು. ನೀನೇ ಕೂತು ಎಲ್ಲಾ ಸರಿಮಾಡಿದೆ. ಈಗ ಒಂದೂ ಇಲ್ಲ. ಮೇಲಿನವರು ಭೇಷ್ ಅಂದಿದಾರೆ."

"ಅದೇ ನಾನು ಮಾಡಿದ ಘನಕಾರ್ಯ."

ಹೇಳಿಕೊಳ್ಳುವುದಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು. ಕೋಡನ್ನು ಓಡಿಸದೆ ಬರೀ ಓದಿ ತಪ್ಪು ಹುಡುಕುವ ಈ ಅನಲೈಜರ್, ಹೆಸರು ನೋಡಿ ನಂಬುವ ಪ್ರಾಣಿ. ಕೋಡಿನ ಒಂದೊಂದು ಕೆಲಸದ ತುಣುಕಿಗೆ, ಅಂದರೆ ಫಂಕ್ಷನ್ನಿಗೆ, ಇಟ್ಟ ಹೆಸರು ‘ನ್ಯೂ’ ಎಂದು ಶುರುವಾದರೆ ಅದು ಕೊಟ್ಟ ಮೆಮೊರಿ, ಅಂದರೆ ಮಾಹಿತಿ ಇಡುವ ಜಾಗ, ಪಡೆದವರ ಸ್ವಂತ. ಕೆಲಸ ಮುಗಿದ ಮೇಲೆ ಅವರೇ ಅದನ್ನು ಬಿಟ್ಟುಕೊಡಬೇಕು. ‘ಗೆಟ್’ ಎಂದಿದ್ದರೆ ಎರವಲು, ನೋಡಿ ಸುಮ್ಮನಿರಬೇಕು, ಬಿಟ್ಟುಕೊಡುವ ಹಕ್ಕಿಲ್ಲ. ಆದರೆ ಈ ಆಫೀಸಿನ ಪದ್ಧತಿಯೇ ಬೇರೆ. ಐದು ವರ್ಷದ ಹಿಂದೆ ಎರಡನೇ ಆವೃತ್ತಿ ಮಾರುವಾಗ, ಗಿರಾಕಿಗೆ ಹೊಸತನ ಎದ್ದು ಕಾಣಲಿ ಎಂದು ಇದೇ ಮ್ಯಾನೇಜರ್, ಆಗ ತಿದ್ದಿದ ಫಂಕ್ಷನ್‌ಗಳಿಗೆಲ್ಲ ಮುಂದೆ ‘ನ್ಯೂ’ ಅಂಟಿಸಲು ಹೇಳಿದ್ದರು. ಅವು ಕೊಡುತ್ತಿದ್ದುದು ಮಾತ್ರ ಎರವಲೇ. ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಟ್ಟಿಲ್ಲ ಎಂದು ಅನಲೈಜರ್ ಇನ್ನೂರ ಹನ್ನೆರಡು ಕಡೆ ಬೊಬ್ಬೆ ಹಾಕಿತು. ಇವಳು ಒಂದನ್ನೂ ಒಳಹೊಕ್ಕು ನೋಡದೆ ಅಷ್ಟೂ ಕಡೆ ಬಿಟ್ಟುಕೊಡುವ ಸಾಲು ಬರೆದಳು.

"ಅಷ್ಟೇ ತಾನೆ? ಜಾಸ್ತಿ ಬಿಟ್ಟುಕೊಟ್ರೆ ಒಳ್ಳೇದೇ ಅಲ್ವಾ. ಮೆಮೊರಿ ಉಳಿಯುತ್ತೆ," ಎಂದರು ಮ್ಯಾನೇಜರ್.

ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಸರ್, ನೀವು ಲಾಡ್ಜಲ್ಲಿ ಮಲಗಿದೀರಿ ಅಂದ್ಕೊಳ್ಳಿ. ರೂಮ್ ಖಾಲಿ ಅಂತ ನಾನು ಹೋಗಿ ಕೌಂಟರಲ್ಲಿ ಹೇಳಿಬಿಟ್ಟೆ. ಇನ್ನೊಬ್ಬರು ಬಂದು ನಿಮ್ಮ ಮಂಚದ ಮೇಲೇ ಮಲಗ್ತಾರೆ. ಹಾಗೆ ಒಬ್ಬ ರೋಗಿ ಜಾಗಕ್ಕೆ ಇನ್ನೊಬ್ಬರ ನಾಡಿ ಬಂದು ಕೂರ್ತಿದೆ. ಬೆಳಿಗ್ಗೆ ಪರೀಕ್ಷಾ ಕೋಣೇಲಿ ಕಣ್ಣಾರೆ ನೋಡಿದೆ. ದಾದಿ ಅದನ್ನ ನಂಬಿ ಯಾರಿಗೋ ಕೊಡೋ ಇಂಜೆಕ್ಷನ್ ಇನ್ಯಾರಿಗೋ ಚುಚ್ಚಿದ್ರೆ? ನಮ್ಮಮ್ಮ ಅಂಥ ಹಾಸಿಗೆ ಮೇಲೆ ಮಲಗಿ ಬಂದು ಆರು ತಿಂಗಳಾಗಿಲ್ಲ."

"ಅನಲೈಜರ್ ಹಾಗನ್ನಲ್ವಲ್ಲ."

"ಅದಕ್ಕೆ ನಾವೇ ಸುಳ್ಳು ಹೆಸರು ಹೇಳಿದೀವಿ, ಅದೇನು ಮಾಡುತ್ತೆ ಪಾಪ. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಮಧ್ಯಾಹ್ನ ‘ನ್ಯೂ’ ತೆಗೆದು ‘ಗೆಟ್’ ಮಾಡಿ ನೋಡಿದೆ. ನಿಮ್ಮದಲ್ಲದ್ದನ್ನ ಯಾಕೆ ಬಿಟ್ಟುಕೊಟ್ರಿ ಅಂತ ಅದೇ ಇನ್ನೂರ ಹನ್ನೆರಡು ಕಡೆ ಬೈತು. ಎಲ್ಲದರ ಮುಂದೂ ನನ್ನ ಹೆಸರಿದೆ. ನನ್ನ ಮೇಲೇ ಹಾಕಿ, ಬೈಸ್ಕೋತೀನಿ. ಇವತ್ತು ಕಳಿಸಬೇಡಿ, ಅಷ್ಟೇ. ಒಂದು ವಾರ ಕೊಡಿ."

"ವಾರಾನಾ? ಹೋದ ಸಲಾನೂ ಮುಂದಕ್ಕೆ ಹಾಕಿ ಮಾನ ಹೋಗಿದೆ. ನೀನು ದಣಿದಿದೀಯ. ಸಹಿ ಹಾಕಿ ಮನೆಗೆ ಹೋಗಿ ಮಲಗು, ಸೋಮವಾರ ನೋಡೋಣ. ಎರಡು ದಿನದಲ್ಲಿ ಆಕಾಶ ಏನೂ ಕಳಚಿ ಬೀಳಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವಳಿಗೆ ಸಾಕಾಗಿ ಹೋಗಿತ್ತು. "ಎರಡು ನಿಮಿಷ ಬನ್ನಿ ಸರ್," ಎಂದು ಪಕ್ಕದ ಪರೀಕ್ಷಾ ಕೋಣೆಗೆ ಕರೆದೊಯ್ದಳು. ಎರಡು ಹಾಸಿಗೆಗಳ ಬದಲು ಅಲ್ಲಿ ಎರಡು ಕುರ್ಚಿ, ಒಂದೊಂದಕ್ಕೂ ಬೆರಳಿಗೆ ಸಿಕ್ಕಿಸುವ ಒಂದು ಕ್ಲಿಪ್ಪು, ಗೋಡೆಯ ಮೇಲೆ ದಾದಿಯರು ನೋಡುವಂಥದೇ ಪರದೆ. ಮೊದಲ ಹಾಸಿಗೆಯ ಕ್ಲಿಪ್ಪನ್ನು ಅವರ ಬೆರಳಿಗೆ ಹಾಕಿದಳು. ಪರದೆಯಲ್ಲಿ ಅರವತ್ತೆಂಟು ಎಂದು ಬಂತು, ಪಕ್ಕದಲ್ಲಿ ಹತ್ತಿಳಿಯುವ ಹಸಿರು ಗೆರೆ.

"ನೋಡಿದೆಯಾ? ಸರಿಯಾಗೇ ಇದೆ."

ಅವಳು ಎರಡನೆಯದನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು. ಸಿಟ್ಟಿಗೆ ಅವಳ ನಾಡಿ ನೂರಿಪ್ಪತ್ತು ಮುಟ್ಟಿತ್ತು. ಮರುಗಳಿಗೆಯಲ್ಲಿ ಮೊದಲ ಹಾಸಿಗೆಯ ಸಾಲೂ ನೂರಿಪ್ಪತ್ತಕ್ಕೆ ಜಿಗಿಯಿತು.

"ನಿನ್ನ ಜಗಳ ಕೇಳಿ ಕೇಳಿ ನನಗೂ ಏರಿದೆಯಮ್ಮಾ," ಎಂದು ಮ್ಯಾನೇಜರ್ ನಕ್ಕರು.

ಅವಳು ತನ್ನ ಕ್ಲಿಪ್ಪನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಎರಡೂ ಹಾಸಿಗೆಗಳ ಗೆರೆ ಒಟ್ಟಿಗೇ ನೆಟ್ಟಗಾಯಿತು, ಯಂತ್ರ ಒಂದೇ ಸಮನೆ ಕೂಗತೊಡಗಿತು. ಕ್ಲಿಪ್ಪು ಹಾಕಿದ ಬೆರಳನ್ನು ಹಾಗೇ ಎತ್ತಿ ಹಿಡಿದು, ಪರದೆಯಿಂದ ಕಣ್ಣು ಕೀಳದೆ, ಮ್ಯಾನೇಜರ್ ಇನ್ನೊಂದು ಕೈಯನ್ನು ಮೆಲ್ಲಗೆ ಕುತ್ತಿಗೆಗೆ ಒಯ್ದು ತಮ್ಮ ನಾಡಿ ಹುಡುಕತೊಡಗಿದರು.