ಸೆರಗು ಸುತ್ತಿದ ಫಿಲ್ಟರ್

ಅಂಧೇರಿಯ ಗ್ಯಾರೇಜಿನಲ್ಲಿ ನನ್ನ ಕಾರಿನ ಹಳೆಯ ಆಯಿಲ್ ಇಳಿಸುವಾಗ ಬರುವ ಆ ಸುಟ್ಟ ವಾಸನೆಗೆ ಈಗಲೂ ಬೈಕುಲ್ಲಾದಲ್ಲಿ ಸಾಲುಕೋಣೆಗಳ ನಮ್ಮ ಚಾಳಿನ ಅಂಗಳ ಕಣ್ಣಿಗೆ ಕಟ್ಟುತ್ತದೆ.

ಎಪ್ಪತ್ತರ ದಶಕದ ಮಾತು. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದ. ಆಯಿಲ್ ಬದಲಿಸಲು ಯಾವ ಗ್ಯಾರೇಜಿನ ಮಿಸ್ತ್ರಿಯ ಹತ್ತಿರವೂ ಹೋಗುತ್ತಿರಲಿಲ್ಲ. ಡಬ್ಬಿಯಂಥ ಫಿಲ್ಟರನ್ನು ಬರಿಗೈಯಲ್ಲೇ ತಿರುಗಿಸಿ ತೆಗೆಯುವುದು ಅವನ ಜಂಬ. ಒಂದು ಭಾನುವಾರ ಮಧ್ಯಾಹ್ನ ಮಾತ್ರ ಅದು ಕದಲಲಿಲ್ಲ. ಅಪ್ಪನ ಬಲಗೈ ಸಣ್ಣಗೆ ನಡುಗುತ್ತಿತ್ತು. ಚಾಳಿನ ಮೇಲಿನ ಗ್ಯಾಲರಿಯಲ್ಲಿ ನಿಂತಿದ್ದ ನೆರೆಯವರು ಬಗ್ಗಿ ನೋಡತೊಡಗಿದರು.

ಬಟ್ಟೆ ಒಗೆಯುತ್ತಿದ್ದ ಅವ್ವ ಎದ್ದು ಬಂದಳು. "ಸರೀರಿ, ನಾ ನೋಡ್ತೀನಿ."

"ಬ್ಯಾಡ, ಸೀರಿ ಹೊಲಸಾಗ್ತೈತಿ," ಎಂದ ಅಪ್ಪ.

"ಆಗ್ಲಿ ಬಿಡ್ರಿ."

ಸೆರಗನ್ನು ಫಿಲ್ಟರಿಗೆ ಸುತ್ತಿ ಬಲವಾಗಿ ತಿರುಗಿಸಿದಳು. ಕಪ್ಪು ಆಯಿಲ್ ಬೆಚ್ಚಗೆ ಅವಳ ಮೊಣಕೈವರೆಗೆ ಹರಿಯಿತು. ಗ್ಯಾಲರಿಗೆ ಕೇಳುವಂತೆ ಅಂದಳು: "ನೀವು ಸಡ್ಲ ಮಾಡಿಟ್ಟಿದ್ರಿ, ನಾ ಬರೇ ತಗದೆ."

ಅಪ್ಪ ಅವಳ ಮುಖ ನೋಡಲಿಲ್ಲ. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಿನಿಂದ ಆಯಿಲ್ ಸವರಿ ಅವಳ ಕೈಗೇ ಕೊಟ್ಟ. "ಕೈಲೇ ಬಿಗಿ, ಸ್ಪ್ಯಾನರ್ ಹಚ್ಚಬ್ಯಾಡ. ಮುಂದಿನ ಸಲ ನಾನ ಬಿಚ್ಚಾಂವ."

ಮುಂದಿನ ಸಲದ ಹೊತ್ತಿಗೆ ಟ್ಯಾಕ್ಸಿ ಮಾರಿಹೋಗಿತ್ತು. ಅಪ್ಪನ ಕೈ ತುತ್ತನ್ನು ಬಾಯಿವರೆಗೆ ಒಯ್ಯಲಾರದಾಗಿತ್ತು. ಅವ್ವ ಉಣಿಸಿ, ಆಯಿಲ್ ಕಲೆ ಹೋಗದ ಅದೇ ಸೆರಗಿನಿಂದ ಅವನ ಬಾಯಿ ಒರೆಸುತ್ತಿದ್ದಳು. ಬಾಗಿಲ ಮುಂದೆ ಯಾರಾದರೂ ಹಾದುಹೋದರೆ ದನಿ ಎತ್ತರಿಸುತ್ತಿದ್ದಳು: "ನೀವು ಕಲಸಿಟ್ಟಿದ್ರಿ, ನಾ ಬರೇ ಬಾಯಿಗಿಟ್ಟೆ."